ನಿಮ್ಮ ತಾಯಿ ಮುಚ್ಚಿದ್ದ ತೂತನ್ನು ಮತ್ತೆ ಮುಚ್ಚಲು ಅಪ್ಪಣೆ ಕೊಡಿ

ಮಾನ್ಯ ಸಂಸತ್ ಸದಸ್ಯೆಯವರೇ,

ರಾತ್ರಿ ಮೂರು ಗಂಟೆಗೆ ‘ತೊಟ್’ ಎಂಬ ಸದ್ದಿಗೆ ಎಚ್ಚರವಾಯಿತು. ಹನಿ ಬಿದ್ದದ್ದು ನನ್ನ ಏಳು ತಿಂಗಳ ಮಗಳ ಹಣೆಗೆ; ಬಂದದ್ದು ನಿಮ್ಮ ಬಾಲ್ಯದಿಂದ. ಭಾಷಣಗಳಲ್ಲಿ ನೀವು ನೆನೆಯುವ ಆ ಸೋರುವ ತಗಡಿನ ಕೋಣೆಯಲ್ಲಿ ಈಗ ಬಾಡಿಗೆಗಿರುವವರು ನಾವು. ಸೋರಿಕೆ ನಿಲ್ಲಿಸಲು ನಮ್ಮನ್ನು ಬಿಡುತ್ತಿಲ್ಲ. ಕಾರಣ ತಾವು.

ಇದನ್ನು ವಿರೋಧ ಪಕ್ಷದ ಕುತಂತ್ರವೆಂದುಕೊಳ್ಳಬೇಡಿ, ನಾನು ತಮಗೇ ಮತ ಹಾಕಿದವಳು. “ನೆತ್ತಿಯ ಮೇಲೆ ತೂತು, ತೂತಿನಾಚೆ ಆಕಾಶ, ಆಕಾಶದಷ್ಟು ಆಸೆ” ಎಂದು ತಾವು ಅಂದಾಗ, ತುಂಬು ಬಸುರಿಯಾಗಿದ್ದ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅದೇ ತೂತಿನ ಕೆಳಗೆ ತೊಟ್ಟಿಲು ಕಟ್ಟುತ್ತೇನೆಂದು ಯಾರಿಗೆ ಗೊತ್ತಿತ್ತು? ರಾಜ್ಯಶಾಸ್ತ್ರದ ಪದವಿಗಾಗಿ ಸಂಸತ್ತಿನ ಎರಡೂ ಸದನಗಳನ್ನು ಉರು ಹೊಡೆದಿದ್ದೆ. ಸೋರುವ ಈ ಮೂರನೆಯದು ಸಿಲಬಸ್ಸಿನಲ್ಲಿರಲಿಲ್ಲ.

ನಾವು ಬಂದಾಗ ಈ ಸೂರು ಸೋರುತ್ತಿರಲಿಲ್ಲ. ತಗಡಿನ ಮೇಲೊಂದು ಕರಿ ತೇಪೆಯಿತ್ತು. ಹೋದ ತಿಂಗಳು ತಮ್ಮ ಅಭಿಮಾನಿ ಸಂಘದವರು ಏಣಿ ಹಾಕಿ ನೋಡಿ, “ಮೇಡಂ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ, ಆಮೇಲೆ ಯಾರೋ ಅಂಟಿಸಿದಾರೆ” ಎಂದು ತೀರ್ಮಾನಿಸಿ ಅದನ್ನು ಕಿತ್ತೆಸೆದರು. ಗುಡಿ ಗೋಪುರಗಳ ಜೀರ್ಣೋದ್ಧಾರ ಕೇಳಿದ್ದೆ, ಬಡತನದ ಜೀರ್ಣೋದ್ಧಾರ ಕಂಡದ್ದು ಇದೇ ಮೊದಲು. ಮನೆ ಓನರ್ ಅಂತೂ ಹಿಗ್ಗಿ ಹೀರೇಕಾಯಿ. ಹೊರಗೆ ‘ಮೇಡಂ ಬೆಳೆದ ಮನೆ’ ಎಂಬ ಬೋರ್ಡೂ ಬಂತು.

“ಅಂಕಲ್, ಮಗು ನೆನೀತಿದೆ” ಎಂದೆ.

“ನೆನೀಲಿ ಬಿಡಮ್ಮ. ಇಲ್ಲಿ ನೆನೆದೋರು ಎಲ್ಲಿಗೆ ಹೋದ್ರು ನೋಡು!”

“ಅವಳಿಗೆ ಮೊದ್ಲು ಕೆಮ್ಮು ಹೋಗ್ಲಿ ಅಂಕಲ್.”

“ಕೆಮ್ಮಿದ್ರೆ ಗಂಟಲು ಗಟ್ಟಿಯಾಗುತ್ತೆ. ನಾಳೆ ಭಾಷಣಕ್ಕೆ ಬೇಕಲ್ಲ? ತೂತಿಗೇನಾದ್ರೂ ಕೈ ಹಚ್ಚಿದ್ರೆ ಮಾತ್ರ ಮನೆ ಖಾಲಿ ಮಾಡ್ಬೇಕಾಗುತ್ತೆ, ಹೇಳಿದೀನಿ.”

ಕಿತ್ತೆಸೆದ ತೇಪೆ ಪಕ್ಕದ ಮನೆ ಅಜ್ಜಿಯ ಅಂಗಳಕ್ಕೆ ಬಿದ್ದಿತ್ತು. ಅವರು ಅದನ್ನು ಎತ್ತಿಕೊಂಡು ಸೀದಾ ನನ್ನ ಬಾಗಿಲಿಗೆ ಬಂದರು.

“ಏ ಹುಡುಗಿ, ಇದು ಅವಳಮ್ಮನ ಕೊಡೆ ಬಟ್ಟೆ ಕಣೇ! ಬಸ್ ಸ್ಟಾಪಲ್ಲಿ ಕೂತು ಊರೋರ ಕೊಡೆ ಹೊಲೀತಿದ್ದೋಳು, ಹೆತ್ತ ಮಗಳ ತಲೆ ಮೇಲೆ ತೂತು ಬಿಡ್ತಾಳಾ? ಮೊದಲನೇ ಮಳೆಗೇ ತಾನೇ ಹತ್ತಿ, ಟಾರು ಬಳಿದು ಅಂಟಿಸಿದ್ಲು. ಆಮೇಲೆ ಒಂದು ಹನಿ ಬಿದ್ದಿದ್ರೆ ಕೇಳು!”

“ಮತ್ತೆ ಭಾಷಣದಲ್ಲಿ ಸೋರುತ್ತಲ್ಲ ಅಜ್ಜಿ?”

“ಭಾಷಣ ಸೋರುತ್ತೆ ಬಿಡು, ಮನೆ ಸೋರ್ತಿರ್ಲಿಲ್ಲ.”

ಮಾನ್ಯರೇ, ತಾವು ಸಂಸತ್ತಿಗೆ ಹೋದದ್ದು ತೂತಿನಿಂದಲೋ, ತೇಪೆಯಿಂದಲೋ? ಒದ್ದೆ ಪುಸ್ತಕ ಓದಿ ಯಾರು ಪರೀಕ್ಷೆ ಪಾಸಾಗುತ್ತಾರೆ? ಕಷ್ಟ ತಮ್ಮನ್ನು ಬೆಳೆಸಿತು ಎನ್ನುತ್ತೀರಿ. ಕಷ್ಟಕ್ಕೇನು ಗೊತ್ತು ಬೆಳೆಸುವುದು? ಬೆಳೆಸಿದವರು ಮಳೆಯಲ್ಲಿ ತಗಡು ಹತ್ತಿದ ಆ ತಾಯಿ. ಅವರ ಕೈಕೆಲಸವನ್ನು ಕಿತ್ತೆಸೆದು, ಅವರು ಸೋಲಿಸಿದ್ದ ತೂತಿಗೆ ತಮ್ಮವರು ಹಾರ ಹಾಕಿದ್ದಾರೆ. ಉತ್ಪ್ರೇಕ್ಷೆಯಲ್ಲ, ಹಾರ ಕೊಳೆತು ನನ್ನ ಬಕೆಟ್ಟಿಗೆ ಬಿದ್ದಿದೆ.

ಇಷ್ಟಾದರೂ ಸಹಿಸುತ್ತಿದ್ದೆನೇನೋ. ಆದರೆ ತಮ್ಮ ಜೀವನದ ಚಿತ್ರ ತೆಗೆಯುವವರು ನಿನ್ನೆ ಬಂದು, ಕ್ಯಾಮೆರಾದಲ್ಲಿ ಇಣುಕಿ, “ತೂತು ಸಣ್ಣದಾಯ್ತು ಸಾರ್, ಕಷ್ಟ ಕಾಣಿಸ್ತಿಲ್ಲ” ಎಂದರು. ಬೆಳಕು ಹರಿಯುತ್ತಲೇ ತಗಡು ಕತ್ತರಿಸುವ ಕತ್ತರಿಯೊಂದಿಗೆ ಬರುತ್ತಾರಂತೆ. ಓನರ್ ಆಗಲೇ ಏಣಿ ಒರಗಿಸಿಟ್ಟಿದ್ದಾರೆ. ತೊಟ್ಟಿಲನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದು ಸಾಕಾಗಿದೆ. ಇನ್ನು ಉಳಿದಿರುವ ಒಣ ಜಾಗ ನನ್ನ ಮಡಿಲೊಂದೇ.

ನನಗೆ ಮನೆ ಮಂಜೂರು ಮಾಡಬೇಡಿ, ಪರಿಹಾರವೂ ಬೇಡ. ಓನರ್‌ಗೆ ಫೋನ್ ಮಾಡಿ ಒಂದೇ ಮಾತು ಹೇಳಿ: “ಅದು ನಮ್ಮಮ್ಮ ಹಾಕಿದ್ದು, ಇದ್ದಲ್ಲೇ ಹಾಕಿ.” ಒರೆಸಿಟ್ಟ ತೇಪೆ ಕುರ್ಚಿಯ ಮೇಲಿದೆ. ರಾತ್ರಿ ಪಾಳಿ ಮುಗಿಸಿ ಬರುವ ನನ್ನ ಗಂಡ ಟಾರಿನ ಡಬ್ಬಿ ತರುತ್ತಾರೆ. ಏಣಿಯಂತೂ ತಯಾರಿದೆ.

ಇಂತಿ,
ತಮ್ಮ ಬಾಲ್ಯದ ಕೆಳಗೆ ಬಕೆಟ್ ಹಿಡಿದು ಕೂತಿರುವ,
ತಮ್ಮ ಮತದಾರಳು, ಒಂದು ಕೂಸಿನ ತಾಯಿ

ತಾ.ಕ.: ಊರೆಲ್ಲ ಓದಲೆಂದು ಇದನ್ನು ತಮ್ಮ ಫೇಸ್‌ಬುಕ್ ಪುಟದಲ್ಲೇ ಹಾಕುತ್ತಿದ್ದೇನೆ. ಸದಸ್ಯೆಯವರು ಮಲಗಿದ್ದರೆ, ಇದನ್ನು ಓದುತ್ತಿರುವ ನೀವು ಯಾರೇ ಆಗಿರಿ, ಅವರನ್ನು ಎಬ್ಬಿಸಿ. ಅವರ ಕಚೇರಿಯ ನಂಬರ್ ನಮ್ಮನೆ ಬೋರ್ಡಿನ ಮೇಲೇ ಇದೆ, ಫೋಟೋ ಹಾಕಿದ್ದೇನೆ. ಮಳೆ ಜೋರಾಗುತ್ತಿದೆ, ಮಗು ಮತ್ತೆ ಕೆಮ್ಮುತ್ತಿದೆ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ, ದಮ್ಮಯ್ಯ.