ಇಬ್ಬರಿಗಷ್ಟೇ ಜಾಗವಿರುವ ಕಾರು

ಮನೆಯಿಂದ,
ಬುಧವಾರ, ಬೆಳಗ್ಗೆ

ಚಿ. ಸೌ. ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

‘ಸೌ.’ ಎಂಬ ಅಕ್ಷರವನ್ನು ನಿನ್ನ ಹೆಸರಿನ ಹಿಂದೆ ನಾನು ಬರೆಯುತ್ತಿರುವುದು ಇದೇ ಮೊದಲು. ಕೂದಲು ನರೆತ ಮೇಲೆ ಮದುವೆಯಾದವಳಿಗೂ ಆ ಅಕ್ಷರ ಸಲ್ಲುತ್ತದೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಬರೆದು ರೂಢಿಯಿರಲಿಲ್ಲ, ಅಷ್ಟೆ.

ವಿಷಯ: ಹಳೆಯ ಕಾರೊಂದನ್ನು ನಾನು ಕೊಂಡ ಬಗ್ಗೆ ನೀನು ಫೋನಿನಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಹಾಗೂ ತತ್ಸಂಬಂಧವಾದ ಒಂದು ಕೋರಿಕೆ.

ನಗಬೇಡ. ವಕೀಲರ ಕಚೇರಿಯಲ್ಲಿ ಕೂತು ಆಯುಷ್ಯವೆಲ್ಲ ಪರರ ಅರ್ಜಿಗಳ ಶುದ್ಧಪ್ರತಿ ತೆಗೆದವಳಿಗೆ ‘ವಿಷಯ’ ಎಂದು ಬರೆಯದೆ ಕೈ ಮುಂದಕ್ಕೆ ಹೋಗುವುದಿಲ್ಲ. ಹಾಲಿನವನಿಗೆ ಬರೆದಿಟ್ಟ ಚೀಟಿಯಲ್ಲಿ ನಾನು ‘ಸದರಿ ಹಾಲು’ ಎಂದು ಬರೆದದ್ದನ್ನು ಬೀದಿಗೆಲ್ಲ ಹೇಳಿ ನಗಿಸಿದವಳು ನೀನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ನಕಲು ಮಾಡಿ ಮಾಡಿ ಬಂದ ಗುಣ. ಅದೂ ಹೋಗುವಂತೆ ಕಾಣುವುದಿಲ್ಲ.

ಕಳೆದ ತಿಂಗಳು ನೀನು ಫೋನು ಮಾಡಿ, ಕುಶಲವನ್ನೂ ಕೇಳದೆ, “ಅಕ್ಕಾ, ಆ ಕಾರನ್ನೇ ಯಾಕೆ ತಗೊಂಡೆ? ತಲೆ ನೆಟ್ಟಗಿದೆಯಾ ನಿಂಗೆ?” ಎಂದು ಕೇಳಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದುದರಿಂದ ಆಗ ಉತ್ತರಿಸಲಾಗಲಿಲ್ಲ. ಈಗ ಉತ್ತರಿಸುತ್ತೇನೆ. ಬಸ್ಸಿನ ಮೆಟ್ಟಿಲು ಎತ್ತರ, ನನಗೆ ಮೊಣಕಾಲು ನೋವು. ಆದ್ದರಿಂದ ಕಾರು ಕೊಂಡೆ.

ನೀನು ಹೋದ ಮೇಲೆ ಮನೆಯಲ್ಲಿ ಯಾವ ಬದಲಾವಣೆಯೂ ಆಗಿಲ್ಲವೆಂದು ತಿಳಿಸಲು ಸಂತೋಷಪಡುತ್ತೇನೆ. ದಿನಪತ್ರಿಕೆಯ ಹೊರಪುಟಗಳು ನನಗೆ, ಒಳಪುಟಗಳು ನಿನಗೆ ಎಂದಿದ್ದ ಹಂಚಿಕೆ ಈಗಲೂ ಜಾರಿಯಲ್ಲಿದೆ. ಒಳಪುಟಗಳನ್ನು ಮಡಿಕೆ ಬಿಚ್ಚದೆ ನಿನ್ನ ಕುರ್ಚಿಯ ಮೇಲಿಡುತ್ತೇನೆ. ರದ್ದಿಯವನು ಮೊನ್ನೆ ಕಟ್ಟನ್ನು ತೂಗುತ್ತಾ, “ಅಮ್ಮಾ, ಇದು ಇವತ್ತಿನ ಪೇಪರ್ ಥರಾನೇ ಇದೆಯಲ್ಲಾ, ಓದೇ ಇಲ್ವಾ?” ಎಂದು ಕೇಳಿದ. ಬಚ್ಚಲಮನೆಯ ಚಿಲಕ ಸಡಿಲವಾಗಿ ಕೂರುತ್ತಿಲ್ಲ. ಹಾಕುವ ಅಗತ್ಯ ಬೀಳದ್ದರಿಂದ ರಿಪೇರಿ ಮಾಡಿಸಿಲ್ಲ.

ಇನ್ನು ಕಾರಿನ ಸಂಗತಿ. ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ ಹೋದೆ. ಮಾರುವವರು ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವರು. ಕಾರು ನೆಲಕ್ಕೆ ಅಂಟಿಕೊಂಡಂತಿದೆ, ಇಬ್ಬರು ಕೂರುವಂಥದ್ದು. ಇಂಜಿನ್ನು ಸೀಟುಗಳ ಬೆನ್ನ ಹಿಂದೆ. ಹುಟ್ಟಿನಿಂದ ಕೆಂಪು, ಬಿಸಿಲು ತಿಂದು ಈಗ ಇಟ್ಟಿಗೆ ಬಣ್ಣ. ನಿನ್ನ ಯಜಮಾನರ ಕಾರು ಯಾವ ಕಂಪನಿಯದೋ ಇದೂ ಅದೇ ಕಂಪನಿಯದು, ಅದೇ ಮಾದರಿಯದು. ಇದು ಕೇವಲ ಆಕಸ್ಮಿಕವೆಂಬುದನ್ನು ದಾಖಲೆಗೆ ತರಬಯಸುತ್ತೇನೆ.

ತುತ್ತೂರಿಯವರು, “ಅಮ್ಮಾ, ಇದರೊಳಗೆ ಕೂರೋದು ಸುಲಭ, ಏಳೋದೇ ಕಷ್ಟ. ನನ್ನ ಸೊಂಟ ಸೋತುಹೋಯ್ತು, ಇದು ಸೋಲಲಿಲ್ಲ” ಎಂದರು. ಮೊಮ್ಮಗನಿಗೆ ಕೊಳ್ಳುತ್ತಿದ್ದೀರಾ ಎಂದು ಕೇಳಿದರು. ನನಗೇ ಎಂದೆ. ಅವರು ನನ್ನನ್ನೂ ಕಾರನ್ನೂ ಸರದಿಯಂತೆ ನೋಡಿ, “ಹಾಗಾದ್ರೆ ಒಂದು ಮಾತು. ಎರಡನೇ ಗೇರು ಸ್ವಲ್ಪ ಹಟಮಾರಿ. ಬೈಬೇಡಿ, ಪುಸಲಾಯಿಸಿ” ಎಂದರು. ಹಟಮಾರಿಗಳ ಜೊತೆ ಬಾಳಿ ನನಗೆ ಬೇಕಾದಷ್ಟು ಅಭ್ಯಾಸವಿದೆ ಎಂದು ಹೇಳಿ ಬೀಗದ ಕೈ ತೆಗೆದುಕೊಂಡೆ. ನಾನು ಹೊರಟಾಗ ಆ ಮನುಷ್ಯ ಕೈ ಬೀಸಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ನಿಂತು, ಕಾರಿನ ಸದ್ದನ್ನು ಕೇಳುತ್ತಿದ್ದರು.

ವಕೀಲರ ಕಣ್ಣು ಮಂಜಾದ ಮೇಲೆ ಅವರನ್ನು ಕೋರ್ಟಿಗೆ ಕರೆದೊಯ್ಯುತ್ತಿದ್ದವಳು ನಾನೇ, ನಿನಗೆ ಗೊತ್ತು. ಅದು ಎಮ್ಮೆಯಂಥ ಕಾರು, ಬಾಲ ತಿರುಚಿದರೂ ನಡಿಗೆ ಬದಲಾಗುತ್ತಿರಲಿಲ್ಲ. ಇದು ಹಾಗಲ್ಲ. ಊರು ದಾಟಿದ ಮೇಲೆ ಸಿಗುವ ನೇರ ರಸ್ತೆಯಲ್ಲಿ ಒಮ್ಮೆ ಪಾದವನ್ನು ಚೆನ್ನಾಗಿ ಒತ್ತಿದೆ. ಸೀಟು ಬೆನ್ನಿಗೆ ಗುದ್ದಿತು. ಸಾಲುಮರಗಳು ಒಂದಕ್ಕೊಂದು ಅಂಟಿ ಗೋಡೆಯಾದವು. ಹಿಂದೆ ಕೂತ ಇಂಜಿನ್ನು ಕೂಗಿದ ಕೂಗಿಗೆ ನನ್ನ ಹೆರಳಿನ ಪಿನ್ನುಗಳು ನಡುಗಿದವು. ನಾನು ಎದೆ ತುಂಬಿ, “ನೋಡಿದ್ಯಾ!” ಎಂದು ಕಿರುಚಿ ಪಕ್ಕಕ್ಕೆ ತಿರುಗಿದೆ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲವಿತ್ತು. ಉರುಳದಿರಲೆಂದು ಅದಕ್ಕೆ ಬೆಲ್ಟು ಹಾಕಿದ್ದೆ.

ಈ ಕಾರನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಯಿತು. ಕಾರಿನ ಜೊತೆಗೆ ಬಂದ ಕೈಪಿಡಿಯ ಕೊನೆಯ ಪುಟದಲ್ಲಿ ಮಾತ್ರ, ತಮ್ಮ ಅನಿಸಿಕೆಗಳನ್ನು ಈ ವಿಳಾಸಕ್ಕೆ ಬರೆಯಿರಿ ಎಂದು ಇನ್ನೂ ವಿನಯದಿಂದ ಅಚ್ಚಾಗಿದೆ. ಕೇಳಿದ ಮೇಲೆ ಬರೆಯದಿರುವುದು ಮರ್ಯಾದೆಯಲ್ಲವೆಂದು ಒಂದು ಕಾಗದ ಬರೆದೆ. ದೂರೇನೂ ಇರಲಿಲ್ಲ, ಕಾರು ಚೆನ್ನಾಗಿದೆ ಎಂದಷ್ಟೆ. ಅಂಥ ವಿಳಾಸದಾರರು ಇಲ್ಲವೆಂಬ ಮುದ್ರೆ ಹೊತ್ತು ಅದು ಹಿಂದಿರುಗಿತು.

ಹೆತ್ತವರಿಲ್ಲದ ಈ ಕಾರುಗಳ ಒಡೆಯರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದಾರೆ. ತಮ್ಮನ್ನು ತಾವೇ ‘ತಬ್ಬಲಿ ಸಂಘ’ ಎಂದು ಕರೆದುಕೊಳ್ಳುತ್ತಾರೆ. ನಿನ್ನ ಯಜಮಾನರೂ ಸಂಘದವರೇ, ಆದರೆ ನನ್ನ ಹೆಸರು ಪಟ್ಟಿಗೆ ಸೇರಿದಾಗಿನಿಂದ ಬರುವುದನ್ನು ನಿಲ್ಲಿಸಿದ್ದಾರೆಂದು ಕೇಳಿದೆ. ಬಿಡಿಭಾಗಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಆಗಬೇಕು. ಅವರ ಕಟ್ಟಳೆಗಳು ಎರಡೇ. ಮುರಿದ ತುಂಡನ್ನೂ ಬಿಸಾಡಬಾರದು. ಯಾರ ಕಾರು ಕಾಯಿಲೆ ಬಿದ್ದಿದೆಯೋ ಅವರ ಮನೆಯಲ್ಲಿ ಭಾನುವಾರ ಸೇರಬೇಕು. ಹೊಸದಾಗಿ ಕೊಂಡವರ ಕಾರನ್ನು ಎಲ್ಲರೂ ಬಂದು ಒಮ್ಮೆ ಪರೀಕ್ಷಿಸುವುದೂ ಉಂಟು. ಹಾಗಾಗಿ ಒಂದು ಭಾನುವಾರ ನಮ್ಮ ಮನೆಗೆ ಬಂದರು.

ಗುಬ್ಬಿ, ನಮ್ಮ ಅಂಗಳದಲ್ಲಿ ಅಷ್ಟು ಚಪ್ಪಲಿಗಳನ್ನು ನಾನು ಕಂಡದ್ದೇ ಇಲ್ಲ. ಹಲ್ಲಿನ ಡಾಕ್ಟರು ಕಾರಿನ ಕೆಳಗೆ ತೂರಿಕೊಂಡು, ಬಾಯಿ ಅಗಲಿಸು ಎಂಬಂತೆ ಅದನ್ನು ಮಾತನಾಡಿಸುತ್ತಿದ್ದರು. ಬೇಕರಿಯವರು ಬ್ರೆಡ್ಡು ತಂದಿದ್ದರು, ಎಣ್ಣೆಕೈಯಲ್ಲೇ ಎಲ್ಲರೂ ಮುರಿದುಕೊಂಡು ತಿಂದರು. ವೆಲ್ಡಿಂಗ್ ಮಾಡುವ ಹೆಂಗಸು ಇಂಜಿನ್ನಿನ ಮೇಲಿದ್ದ ಒಂದು ಡಬ್ಬಿಯ ಮುಚ್ಚಳ ತೆಗೆದು, ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ತುಂಡನ್ನು ಕಿತ್ತು ತೋರಿಸಿ, “ಇದು ರೋಟರ್ ಅಮ್ಮಾ. ಇಂಜಿನ್ನಿಗೆಲ್ಲ ಕಿಡಿ ಹಂಚೋದು ಇದೇ. ಕಳ್ಳರ ಭಯ ಇದ್ರೆ ಇದೊಂದನ್ನ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ. ಬ್ರಹ್ಮ ಬಂದ್ರೂ ಗಾಡಿ ಅಲುಗಲ್ಲ” ಎಂದಳು. ಹಲ್ಲಿನ ಡಾಕ್ಟರು ಬಚ್ಚಲಮನೆಗೆ ಹೋದವರು, ಚಿಲಕ ಕೂರದ್ದರಿಂದ, ಒಳಗೆ ಯಾರೋ ಇದ್ದಾರೆಂದು ಹೊರಗೆ ತಿಳಿಯಲಿ ಅಂತ ಗಟ್ಟಿಯಾಗಿ ಹಾಡುತ್ತಲೇ ಇದ್ದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬೇಕರಿಯವರು ಬಾಗಿಲ ಬಳಿ ನಿಂತು, “ಡಾಕ್ಟ್ರೇ, ಎರಡನೇ ಚರಣ ನಾಳೆ ಹೇಳಿ, ಈಗ ಹೊರಗೆ ಬನ್ನಿ” ಎಂದು ಕೂಗಿದರು. ನಾನು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

ಸಂಜೆ ಹೊರಡುವಾಗ ಎಲ್ಲರೂ ಒಂದೇ ತೀರ್ಪು ಕೊಟ್ಟರು. “ಅಮ್ಮಾ, ನಿಮ್ಮ ಗಾಡಿ ಕಲ್ಲುಗುಂಡು. ಏನೂ ಆಗಿಲ್ಲ. ಇನ್ನು ಹತ್ತು ವರ್ಷ ನಮ್ಮನ್ನ ಕರೀಬೇಡಿ!” ಅವರ ಬಾಯಲ್ಲಿ ಅದು ಆಶೀರ್ವಾದ. ಮುಂದಿನ ಭಾನುವಾರ ಬೇರೆ ಯಾರದೋ ಮನೆಯಲ್ಲಿ ಸೇರಿದರು. ಕರೆಯದೆ ಹೋಗುವ ಪದ್ಧತಿ ನಮ್ಮ ಮನೆತನದಲ್ಲಿಲ್ಲವಾದ್ದರಿಂದ ನಾನು ಹೋಗಲಿಲ್ಲ.

ಹೀಗಿರುವಲ್ಲಿ, ಕೆಲ ವಾರಗಳ ಹಿಂದೆ ಸದರಿ ರೋಟರ್ ತನ್ನಿಂದ ತಾನೇ ಬಿರುಕು ಬಿಟ್ಟು ಮುರಿಯಿತು. ಕಾರು ನಿಂತಿತು. ಸಂಘದವರು ಮತ್ತೆ ಬಂದರು. ಮುರಿದ ತುಂಡೆಲ್ಲಿ ಎಂದು ವೆಲ್ಡಿಂಗಿನವಳು ಕೇಳಿದಳು. ಕಸಕ್ಕೆ ಹಾಕಿದೆ ಎಂದೆ. ಅವಳು ಹಣೆ ಚಚ್ಚಿಕೊಂಡು, “ಅಯ್ಯೋ ಅಮ್ಮಾ, ಮುರಿದದ್ದನ್ನ ನೋಡ್ಕೊಂಡೇ ಅಲ್ವಾ ಹೊಸದನ್ನ ಮಾಡೋದು! ಬಿಸಾಕಿಬಿಟ್ರೆ ಯಾವುದನ್ನ ನೋಡಿ ಮಾಡ್ಲಿ?” ಎಂದಳು. ಬೇರೆ ಕಂಪನಿಯದಿರಲಿ, ಇದೇ ಕಂಪನಿಯ ಬೇರೆ ಮಾದರಿಯದೂ ಇದಕ್ಕೆ ಕೂರುವುದಿಲ್ಲವಂತೆ. ಇನ್ನೊಂದು ರೋಟರನ್ನು ಜೋಪಾನವಾಗಿ ಇಟ್ಟುಕೊಂಡಿರುವವರು ಈ ಸುತ್ತಿನಲ್ಲಿ ಒಬ್ಬರೇ ಎಂದು ಬೇಕರಿಯವರಿಗೆ ನೆನಪಾಯಿತು. ಆ ಒಬ್ಬರು ನಿನ್ನ ಯಜಮಾನರು.

ಅವರ ವಿಷಯದಲ್ಲಿ ನನಗೆ ದ್ವೇಷವಿಲ್ಲ. ನಿಮ್ಮ ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿ ಹೊರಗೆ ಬಂದಿರಿ. ಹಾರಗಳ ಚೀಲ ಹಿಡಿದು ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವರು ಕಾರಿನ ಗಾಜು ಇಳಿಸಿ, “ಬೇಜಾರು ಮಾಡ್ಕೋಬೇಡಿ ಅಕ್ಕಾ, ಇದರಲ್ಲಿ ಇಬ್ಬರಿಗಷ್ಟೇ ಜಾಗ” ಎಂದು ನಕ್ಕರು. ನೀನೂ ನಕ್ಕೆ. ನಾನು ಚೀಲದೊಂದಿಗೆ ಬಸ್ಸಿನಲ್ಲಿ ಮನೆಗೆ ಬಂದೆ. ಅವರು ಹೇಳಿದ ಸಂಗತಿ ನಿಜ. ನಿಜವಾದ ಸಂಗತಿಗೆ ತಕರಾರು ಸಲ್ಲಿಸಲು ಅವಕಾಶವಿಲ್ಲ. ಆಮೇಲೆ ನಾನು ಅವರನ್ನು ಮನೆಗೆ ಕರೆದಿಲ್ಲವೆಂಬುದೂ ನಿಜ.

ಹಲ್ಲಿನ ಡಾಕ್ಟರು ಅವರಿಗೆ ಫೋನು ಮಾಡಿದರು. “ರೋಟರ್ ತಾನೇ, ಧಾರಾಳವಾಗಿ ಕೊಡ್ತೀನಿ. ಆದ್ರೆ ಆ ಮನೆ ಗೇಟಿಗೆ ನಾನು ಕರೀದೆ ಬರಲ್ಲ. ಅಕ್ಕ ಕರೀಲಿ” ಎಂದರಂತೆ. ಹಾಗಾದರೆ ಅಂಚೆಯಲ್ಲಿ ಕಳಿಸಿ ಎಂದದ್ದಕ್ಕೆ, ಅದೂ ಆಗುವುದಿಲ್ಲ ಎಂದರಂತೆ. ನಿನಗೆ ತಕ್ಕ ಹಟಮಾರಿಯನ್ನೇ ಹುಡುಕಿಕೊಂಡಿದ್ದೀಯ.

ಆದಕಾರಣ, ನಿನ್ನ ಯಜಮಾನರು ಬರುವ ಭಾನುವಾರ ಸದರಿ ರೋಟರಿನೊಂದಿಗೆ ಖುದ್ದಾಗಿ ಹಾಜರಾಗಿ ಅದನ್ನು ಅಳವಡಿಸಿಕೊಡಬೇಕೆಂದು ಈ ಮೂಲಕ ಕೋರಲಾಗಿದೆ. ಅವರ ಕಾರಿನಲ್ಲಿ ಇನ್ನೊಬ್ಬರಿಗೆ ಜಾಗವಿರುವುದು ಅರ್ಜಿದಾರಳಿಗೆ ಗೊತ್ತಿದೆ. ಆ ಜಾಗವನ್ನು ಖಾಲಿ ತರಬೇಕಾದ ಅವಶ್ಯಕತೆಯಿಲ್ಲ.

ಇಂತಿ,
ಯಾವ ಕೊರತೆಯೂ ಇಲ್ಲದ
ನಿನ್ನ ಅಕ್ಕ

ತಾಜಾಕಲಂ: ಅರ್ಜಿಯ ತುದಿಗೆ ಸತ್ಯಾಪನೆ ಬರೆಯಬೇಕು. ‘ಮೇಲ್ಕಾಣಿಸಿದ ಸಂಗತಿಗಳೆಲ್ಲ ನನ್ನ ಅರಿವಿನ ಮಟ್ಟಿಗೆ ಸತ್ಯವಾದವು’ ಎಂದು ಬರೆದು ರುಜು ಮಾಡದ ಅರ್ಜಿ ನಿಲ್ಲುವುದಿಲ್ಲ. ನಮ್ಮ ಕಚೇರಿಯಲ್ಲಿ ಕಕ್ಷಿಗಾರರು ಎಷ್ಟೇ ಅವಸರ ಮಾಡಲಿ, ಇಡೀ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿ, ಇದೆಲ್ಲ ನಿಜವೇ ಎಂದು ಕೇಳದೆ ನಾನು ಪೆನ್ನು ಕೊಟ್ಟವಳಲ್ಲ. ಇದನ್ನೂ ಹಾಗೆಯೇ ನಿನ್ನ ಕುರ್ಚಿಯ ಎದುರು ನಿಂತು ಗಟ್ಟಿಯಾಗಿ ಓದಿದೆ. ರುಜು ಮಾಡಲು ಕೈ ಏಳಲಿಲ್ಲ. ಹರಿದು ಬೇರೆ ಬರೆಯಬಹುದಿತ್ತು. ಆದರೆ ಬರೆದದ್ದನ್ನು ಅಳಿಸಬಾರದು, ತಿದ್ದುಪಡಿಯನ್ನು ಕೆಳಗೆ ಬರೆಯಬೇಕು ಎಂಬುದೂ ಅಲ್ಲಿಯದೇ ನಿಯಮ.

ಹಾಲು ಉಕ್ಕುತ್ತಿರಲಿಲ್ಲ. ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ನೋಯುವುದಿಲ್ಲ, ಈ ಕಾರಿನಿಂದ ಏಳುವಾಗ ನೋಯುತ್ತದೆ. ಅದೇ ಮಾದರಿಯ ಕಾರು ಆಕಸ್ಮಿಕವಲ್ಲ, ಊರೆಲ್ಲ ವಿಚಾರಿಸಿ ಹುಡುಕಿದೆ.

ರೋಟರ್ ಮುರಿದಿಲ್ಲ. ಯಾರೂ ಬಾರದ ಎರಡನೆಯ ಭಾನುವಾರ ನಾನೇ ಅದನ್ನು ಕಿತ್ತೆ. ನೀನು ಬಿಟ್ಟುಹೋದ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯೊಳಗೆ ಭದ್ರವಾಗಿದೆ. ಸಂಘದವರೆಲ್ಲ ಸುಮ್ಮನೆ ಇನ್ನೊಂದಕ್ಕಾಗಿ ಹುಡುಕಾಡಿದರು. ಭಾನುವಾರ ಅವರೆದುರು ನಾನೇ ಅದನ್ನು ತೆಗೆದು ತೋರಿಸುತ್ತೇನೆ. ನಕ್ಕರೆ ನಗಲಿ, ಬೈದರೆ ಬೈಯಲಿ. ಆಗ ನೀನು ನನ್ನ ಪಕ್ಕದಲ್ಲಿದ್ದರೆ ಒಳ್ಳೆಯದು.

ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಅಂಥ ಕಾರಿನಲ್ಲಿ ಇಬ್ಬರಿಗಷ್ಟೇ ಜಾಗ ಎಂದರಲ್ಲ ಅವರು. ಅಂಥವು ಎರಡಾದರೆ ನಾಲ್ವರಿಗೆ ಜಾಗವಾಗುತ್ತದೆ. ನಾವಿರುವುದು ಮೂವರು.

ಬರುವಾಗ ಏನನ್ನೂ ತರಬೇಡಿ.

ಮೇಲೆ ತಿದ್ದಿದಂತೆ, ಇದೆಲ್ಲವೂ ಸತ್ಯ.

ಅಕ್ಕ