ಉಡುದಾರದ ಬೀಗದ ಕೈ

ನ್ಯಾಮತಿ
12-11-2024, ಮಂಗಳವಾರ

ಪ್ರೀತಿಯ ನಮ್ಮ ಯಜಮಾನರಿಗೆ,

ನಿಮ್ಮ ಪುಷ್ಪಾವತಿಯ ನಮಸ್ಕಾರಗಳು. ಸೊಂಟದ ನೋವು ಹೇಗಿದೆ? ಜಗಳೂರಿನ ಬಿಸಿಲಿನಲ್ಲಿ ಅಕ್ಕನ ಕುರಿಗಳ ಹಿಂದೆ ಅಲೆದು ಇನ್ನಷ್ಟು ಕಪ್ಪಾಗಿರುತ್ತೀರಿ. ಅಂಜಮ್ಮ ಅಕ್ಕ ಹೊತ್ತುಹೊತ್ತಿಗೆ ಬಡಿಸುತ್ತಾರೆಂದು ಗೊತ್ತು, ನೀವು ಉಣ್ಣುತ್ತೀರೋ ಇಲ್ಲವೋ ಎಂಬುದೇ ಚಿಂತೆ. ನನ್ನ ಹೆಸರು ಕಂಡರೆ ಫೋನ್ ಕಟ್ ಮಾಡುವ ಗಂಡನಿಗೆ ಪತ್ರ ಬರೆಯದೆ ಇನ್ನೇನು ಮಾಡಲಿ? ಜಗಳೂರು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕುರಿಗಳಿಗೆ ತಿನ್ನಿಸದೆ ಓದಿ.

ಸಂಗತಿ ಪ್ರಮೀಳಾ ಟೀಚರ್ ಕಾರಿನದು. ಮಡಚಿ ಜೇಬಿಗೆ ಇಡಬೇಡಿ, ಮುಂದೆ ಓದಿ. ನೀವು ದುಡಿಯುವ ಶೆಡ್ಡಿನಲ್ಲಿ ರಿಪೇರಿಯಾಗಿ ಮದುವೆಗೆ ಹೊರಟ ಆ ಕಾರು ದಾರಿಯಲ್ಲೇ ಕುದಿದು ನಿಂತಾಗ ನಮ್ಮಪ್ಪ, ಅಂದರೆ ನಿಮ್ಮ ಪೂಜ್ಯ ಮಾವ ದುರುಗಪ್ಪನವರು, ಹೊನ್ನಾಳಿಯ ತಮ್ಮ ಗ್ಯಾರೇಜ್ ಶೆಡ್ಡಿನ ಮುಂದೆ ಡ್ರೈವರ್‌ಗಳೆಲ್ಲರ ಎದುರು, ಎಂಜಿನ್ನಿನ ಹೆಡ್ ಹಾಳು ಮಾಡಿದ್ದು ತನ್ನ ಅಳಿಯ, ಅವನ ಕೈಯೇ ಸರಿ ಇಲ್ಲ ಎಂದರು. ನೀವು ಶೆಡ್ಡಿನ ಅಂಗಿ ಬಿಚ್ಚಿಟ್ಟು ಅಕ್ಕನ ಊರಿಗೆ ಹೊರಟುಹೋದಿರಿ. ನಾನು ಕೇಳಿದರೆ "ಇರಲಿ ಬಿಡು" ಎಂದಿರಿ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಟೀಚರ್ ಮತ್ತೆ ಅಪ್ಪನ ಹತ್ತಿರ ಹೋಗಲಿಲ್ಲ. ಕಾರನ್ನು ಚನ್ನಗಿರಿಗೆ ಎಳೆಸಿಕೊಂಡು ಹೋದರು. ಅಲ್ಲಿ ಬಿಚ್ಚಿದ ಹೆಡ್, ಅದೇ ಎಂಜಿನ್ನಿನ ಮೇಲಿನ ಮುಚ್ಚಳ, ಮಟ್ಟ ಮಾಡಿಸಲೆಂದು ನಮ್ಮೂರಿನ ಅಲ್ಲಾಬಕ್ಷ್ ಸಾಹೇಬರ ಲೇಥ್‌ಗೆ ಬಂತು. ಸಾಹೇಬರು ನನ್ನನ್ನು ಕರೆಸಿ, ಹೆಡ್ ಮಗುಚಿ, ಉಗುರು ಆಡಿಸಿ ನೋಡು ಎಂದರು. ಕನ್ನಡಿಯ ಹಾಗೆ ಮಟ್ಟವಾಗಿರಬೇಕಾದ ಜಾಗದಲ್ಲಿ ಬಾಗಿದ ಗೀರುಗಳು, ತಗ್ಗುಗಳು. ನೀರು ಹರಿಯುವ ತೂತಿನ ಪಕ್ಕದಲ್ಲಿ ಉಗುರು ಸಿಕ್ಕಿಕೊಂಡಿತು. ನೀರು ಸೋರಿ ಕಾರು ಕುದಿದದ್ದು ಅಲ್ಲಿಂದಲೇ.

"ನಿನ್ನ ಗಂಡ ಓಂಕಾರ ಬಿದಿರಿನ ಚೂರಿನಾಗೆ ಕೆರೆಯಾವ್ನು ತಂಗಿ. ಇದು ಅವನ ಕೆಲಸ ಅಲ್ಲ, ಕಬ್ಬಿಣ ಉಜ್ಜೋ ಗ್ರೈಂಡರ್ ಚಕ್ರದ್ದು" ಎಂದರು.

ನನಗೆ ಅಷ್ಟು ಸಾಕಾಯಿತು. ಹಳೆಯ ಗ್ಯಾಸ್ಕೆಟ್ಟಿನ ಅಂಟು ಕೆರೆಯಲು ನೀವು ಬಿದಿರು ಕೆತ್ತುತ್ತಾ ಕೂತರೆ, ಹಲ್ಲುಜ್ಜಲಿಕ್ಕೇನು ಎಂದು ಅಪ್ಪ ನಗಾಡುತ್ತಿದ್ದರಲ್ಲ. ನೀವು ಊಟಕ್ಕೆ ಹೋದಾಗಲೇ ಇರಬೇಕು, ಅವಸರಕ್ಕೆ ಬಿದ್ದು ತಾವೇ ಗ್ರೈಂಡರ್ ಹಚ್ಚಿ, ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿಬಿಟ್ಟಿದ್ದಾರೆ. ನಿಮ್ಮ "ಇರಲಿ ಬಿಡು" ಏಕೆಂದು ಈಗ ತಿಳಿಯಿತು, ನಿಮಗೆ ಇದು ಗೊತ್ತಿತ್ತು. ಮಾವನ ಮರ್ಯಾದೆ ಉಳಿಸಲು ಹೋಗಿ ನಿಮ್ಮದನ್ನು ಬೀದಿಗೆ ಬಿಟ್ಟಿರಿ.

ನಾನು ನಿಮ್ಮಷ್ಟು ಒಳ್ಳೆಯವಳಲ್ಲ. ಒಂದು ದಿನದ ಮಟ್ಟಿಗೆ ಹೆಡ್ ಕೇಳಿ ಪಡೆದು, ಗೋಣಿಚೀಲದಲ್ಲಿ ಸುತ್ತಿ ಹೊನ್ನಾಳಿ ಬಸ್ಸು ಹತ್ತಿದೆ. ಕುಂಬಳಕಾಯಿಯಾ ಎಂದು ಕಂಡಕ್ಟರ್ ಕೇಳಿದ. ಹೂಂ, ನಮ್ಮಪ್ಪನಿಗೆ ಎಂದೆ. ಡ್ರೈವರ್‌ಗಳು ಚಹಾ ಕುಡಿಯುವ ಹೊತ್ತು ನೋಡಿಯೇ ಶೆಡ್ಡಿಗೆ ಹೋಗಿ, ಹೆಡ್ಡನ್ನು ಬೆಂಚಿನ ಮೇಲಿಟ್ಟೆ. ಯಾರದೆಂದು ಹೇಳಲಿಲ್ಲ. ಇದಕ್ಕೇನಾಗಿದೆ ಎಂದು ನಿನ್ನನ್ನು ಕೇಳಿ ಬರಲು ಸಾಹೇಬರು ಕಳಿಸಿದ್ದಾರೆ ಎಂದೆ. ಕೇಳುವ ಜನ ಇದ್ದರೆ ಅಪ್ಪನ ಬಾಯಿ ನಿಲ್ಲುವುದುಂಟೆ?

"ಯಾವನೋ ಕೈ ಬರದಾವ್ನು ಗ್ರೈಂಡರ್ ಹಚ್ಯಾನೆ. ಇದನ್ನೇನು ಕಬ್ಬಿಣ ಅಂದ್ಕಂಡಾನಾ? ಮೆತ್ತನ್ನ ಅಲ್ಯೂಮಿನಿಯಂ ಇದು. ಅಂಥಾವನ್ನ ಶೆಡ್ಡಿನ ಹತ್ರಕ್ಕೂ ಬಿಡಬಾರದು" ಎಂದರು. ಎಲ್ಲರೂ ತಲೆಯಾಡಿಸಿದರು.

"ಇದು ಪ್ರಮೀಳಾ ಟೀಚರ್ ಕಾರಿಂದು ಕಣಪ್ಪಾ. ನಿನ್ನ ಗ್ರೈಂಡರ್ ಕಪಾಟಿನ ಬೀಗದ ಕೈ ಯಾರ ಉಡದಾರದಾಗೈತೆ?"

ಮೋಟರ್ ಸುಟ್ಟಾರೆಂದು ಅಪ್ಪ ಆ ಗ್ರೈಂಡರನ್ನು ಯಾರಿಗೂ ಮುಟ್ಟಗೊಡುವುದಿಲ್ಲ, ಸ್ನಾನಕ್ಕೆ ಹೋದರೂ ಬೀಗದ ಕೈ ಬಿಚ್ಚುವುದಿಲ್ಲ ಎಂಬುದು ಹೊನ್ನಾಳಿಗೇ ಗೊತ್ತು. ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದನ್ನು ಎಲ್ಲರೂ ನೋಡಿದರು, ಯಾರೋ ನಕ್ಕರು. ಎಷ್ಟಾದರೂ ಹೆತ್ತ ಅಪ್ಪ, ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅಲ್ಲೇ ಕೂತು ಚಹಾ ತರಿಸಿ ಕುಡಿದೇ ಎದ್ದೆ.

ಹೆಡ್ ಈಗ ಮಟ್ಟವಾಗಿದೆ, ಕಾರು ಓಡುತ್ತಿದೆ. ಟೀಚರ್ ನಿಮ್ಮನ್ನು ಕೇಳಿದರು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮೈ ಕಡೆ ಜೋಪಾನ.

ಇಂತಿ ನಿಮ್ಮ,
ಪುಷ್ಪಾವತಿ

ತಾ.ಕ.: ಬಸ್ಸು ಹೊರಡುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ನಾಳೆ ಅಪ್ಪ ನಿಮ್ಮನ್ನು ಕರೆಯಲು ಅಲ್ಲಿಗೆ ಬರುತ್ತಿದ್ದಾರೆ. ಹೊಸ ಪಂಚೆ ತರುತ್ತಾರೆ, ಅಳುತ್ತಾರೆ. "ಇರಲಿ ಬಿಡಿ ಮಾವ" ಎಂದಿರೋ, ಅಲ್ಲೇ ಕುರಿ ಕಾಯ್ದುಕೊಂಡಿರಿ, ಮನೆಗೆ ಬರಬೇಡಿ. ಮೊದಲು ಉಡುದಾರದ ಬೀಗದ ಕೈ ಬಿಚ್ಚಿಸಿ ಈಸಿಕೊಳ್ಳಿ. ಹೆಡ್ ಕೆಡಿಸಿದ್ದು ತಾನೇ ಎಂದು ಅದೇ ಜಾಗದಲ್ಲಿ, ಅದೇ ಡ್ರೈವರ್‌ಗಳ ಎದುರು ಅವರ ಬಾಯಿಂದ ಹೇಳಿಸಿ. ಆಮೇಲೆ ನಿಮ್ಮ ಅಂಗಿ ಹಾಕಿಕೊಳ್ಳಿ, ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಶೆಡ್ಡಿಗೆ ಬರುವ ಮೊದಲ ಹೆಡ್ ಕೆರೆಯುವ ಕೆಲಸ ಅಪ್ಪನಿಗೇ ಕೊಡಿ. ಬಿದಿರಿನ ಚೂರು ನಾನೇ ಕೆತ್ತಿಟ್ಟಿದ್ದೇನೆ.