ಇಡೀ ರಸ್ತೆ ನಮ್ಮದೇ ಆಗಿದ್ದ ದಿನ

ಪ್ರೀತಿಯ ಸುಧಣ್ಣ,

ಕೊಪ್ಪದ ಸೈಬರ್ ಸೆಂಟರಿನಿಂದ ನೀನು ನನ್ನ ಅಂಗಡಿಗೆ ಫೋನ್ ಮಾಡಿದ ಮಧ್ಯಾಹ್ನ ನೆನಪಿದೆಯಾ? ನರಸಿಂಹರಾಜಪುರದ ನನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಗಿರಾಕಿಯೊಬ್ಬರು ಮೋಟಾರು ಬಿಚ್ಚಿಸಿಕೊಂಡು ಕೂತಿದ್ದರು. ನೀನು ಹಲೋ ಕೂಡ ಅನ್ನಲಿಲ್ಲ. "ಪ್ರಕಾಶ, ಚೆನ್ನೈ ಹತ್ರ ರೇಸಿನ ಟ್ರ್ಯಾಕ್ ಉಂಟಲ್ಲ, ಅದರ ಮೇಲೆ ನಮ್ಮಂಥವರನ್ನೂ ಬಿಡ್ತಾರಂತೆ ಮಾರಾಯ. ಒಂದು ದಿನ. ನಮ್ಮದೇ ಗಾಡಿ. ಹೋಗುವ" ಎಂದೆ. ನಮ್ಮಂಥವರು ಅಂದರೆ ಯಾರು? ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೋ ತೆಗೆಯುವ ನೀನು, ಪಂಪು ಮಾರುವ ನಾನು. ಭಾನುವಾರ ಬೆಳಿಗ್ಗೆ ಕಿಗ್ಗದ ದಾರಿಯಲ್ಲಿ ಸಿರಿಮನೆ ಜಲಪಾತದವರೆಗೆ ಬೈಕು ಓಡಿಸಿ, ತಿರುವಿನಲ್ಲಿ ಯಾರು ಹೆಚ್ಚು ಬಾಗಿಸಿದರು ಎಂದು ಜಗಳವಾಡಿ, ಶೃಂಗೇರಿಯಲ್ಲಿ ದೋಸೆ ತಿಂದು ವಾಪಸ್ ಬರುವುದೇ ನಮ್ಮ ಪೌರುಷ. ನನ್ನಿಂದ ಆಗುವುದಿಲ್ಲ ಎಂದೆ ನಾನು. ನೀನು ಆಗಲೇ ಇಬ್ಬರ ಹೆಸರನ್ನೂ ಕೊಟ್ಟಾಗಿತ್ತು.

ಹೊರಟ ಬೆಳಿಗ್ಗೆ ವನಜತ್ತಿಗೆ ನಿನ್ನ ಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಬೆಂಗಳೂರಿನ ಮೇಲೆ ಚೆನ್ನೈಗೆ ಹೋಗುವ ಶುಂಠಿ ಲಾರಿಯಲ್ಲಿ ನಮ್ಮ ಎರಡೂ ಗಾಡಿಗಳನ್ನು ಮೂಟೆಗಳ ನಡುವೆ ಹಗ್ಗದಿಂದ ಬಿಗಿದಾಗಿತ್ತು. ಅತ್ತಿಗೆ ಬುತ್ತಿ ಕಟ್ಟಿ ಕೊಟ್ಟರು, ಆದರೆ ಕೊಡುವಾಗ ನಿನ್ನ ಮುಖ ನೋಡಲಿಲ್ಲ. ಸಾಯಲಿಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಕೇಳಿದರು. ನೀನು ನಕ್ಕೆ. ನಾನೂ ನಕ್ಕೆ. ಅವರು ನಗಲಿಲ್ಲ ಎಂಬುದು ನಮಗೆ ಆಗ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಟ್ರ್ಯಾಕಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ಕನ್ನಡಿ ಬಿಚ್ಚಿದ್ದು. ತಪಾಸಣೆ ಮಾಡುವವನು ಹೆಡ್‌ಲೈಟಿಗೆ ಟೇಪ್ ಅಂಟಿಸಿದ, ಸ್ಟ್ಯಾಂಡನ್ನು ತಂತಿಯಿಂದ ಕಟ್ಟಿಸಿದ, ಎರಡೂ ಕನ್ನಡಿ ತೆಗೆಸಿದ. ಬಾಡಿಗೆಯ ಚರ್ಮದ ಸೂಟು ನಿನಗೆ ಗಿಡ್ಡ, ನನಗೆ ಉದ್ದ. ಆ ಬಿಸಿಲಿನಲ್ಲಿ ಇಬ್ಬರೂ ಒಳಗೊಳಗೇ ಬೇಯುತ್ತಿದ್ದೆವು. ಕನ್ನಡಿ ಇಲ್ಲದೆ ಹೇಗೆ ಓಡಿಸುವುದು ಎಂದು ನೀನು ಕೇಳಿದ್ದಕ್ಕೆ, ಹಿಂದಿನವನು ನಿನ್ನನ್ನು ದಾಟುವಾಗ ಜಾಗ್ರತೆ ಮಾಡಬೇಕಾದವನು ಅವನೇ, ನೀನು ಮುಂದೆ ಮಾತ್ರ ನೋಡು ಎಂಬ ಉತ್ತರ ಬಂತು. ಇದು ಒಳ್ಳೇ ಕಾನೂನು ಮಾರಾಯ ಎಂದು ನೀನು ನನ್ನ ಬೆನ್ನಿಗೆ ಹೊಡೆದದ್ದು ಆ ದಪ್ಪ ಚರ್ಮದೊಳಗೂ ತಾಗಿತ್ತು.

ಮೊದಲ ಸುತ್ತುಗಳು ಮುಗಿದ ಮೇಲೆ ತರಬೇತಿ ಕೊಡುವವರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರಲ್ಲ. ಒಂದು ಕಾಲದಲ್ಲಿ ರೇಸ್ ಓಡಿಸಿ, ಈಗ ತಲೆ ನರೆತಿದ್ದ ತಮಿಳರು. ಉಳಿದವರೆಲ್ಲ ರಸ್ತೆಯ ಇಡೀ ಅಗಲವನ್ನು ಬಳಸುವಾಗ ನೀವಿಬ್ಬರು ಮಾತ್ರ ಎಡಕ್ಕೇ ಅಂಟಿಕೊಂಡಿದ್ದೀರಿ, ಯಾಕೆ ಎಂದು ಕೇಳಿದರು. ನಮಗೆ ಅದು ಗೊತ್ತೇ ಇರಲಿಲ್ಲ. ನೀನು ಸ್ವಲ್ಪ ಯೋಚಿಸಿ, ನಿನ್ನ ಹರಕು ಇಂಗ್ಲಿಷಿನಲ್ಲಿ, ಎದುರಿನಿಂದ ಬಸ್ ಬರುತ್ತದೆ ಸಾರ್ ಎಂದೆ. ಸುತ್ತ ನಿಂತ ಹುಡುಗರು ನಕ್ಕರು. ಅವರು ನಗಲಿಲ್ಲ. ಇಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಇಡೀ ರಸ್ತೆ ನಿಮ್ಮದೇ ಎಂದರು. ಅದು ಕಿವಿಗೆ ಕೇಳಿತು, ಆದರೆ ಕೈ ನಂಬಬೇಕಲ್ಲ. ಊಟದ ಹೊತ್ತಿನವರೆಗೂ ನಮ್ಮ ಗಾಡಿಗಳು ಅಲ್ಲಿ ಇಲ್ಲದ ನಡುಗೆರೆಯನ್ನು ದಾಟಲಿಲ್ಲ.

ಊಟವಾದ ಮೇಲೆ ನೀನು ಬಿದ್ದೆ. ಬಲಕ್ಕೆ ತಿರುಗುವ ಆ ಉದ್ದನೆಯ ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಜಾರಿತು, ನೀನೂ ಗಾಡಿಯೂ ಬೇರೆ ಬೇರೆಯಾಗಿ ಹುಲ್ಲಿನೊಳಗೆ ಹೋದಿರಿ. ನಾನು ಹಿಂದೆಯೇ ಇದ್ದೆ. ಅಪಾಯದ ಹಳದಿ ಬಾವುಟ ಎದ್ದಿತು. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನೀನು ಎದ್ದು ನಿಂತು, ಹೆಲ್ಮೆಟ್ ಕೈಯಲ್ಲಿ ಹಿಡಿದು, ಕಿತ್ತುಹೋದ ಉಗುರನ್ನು ನೋಡಿಕೊಳ್ಳುತ್ತಿದ್ದೆ. ಆ ಹಿರಿಯರು ಬೈಯಲಿಲ್ಲ. ಬೀಳುವ ಮೊದಲು ನೀನು ಏನು ನೋಡುತ್ತಿದ್ದೆ ಎಂದಷ್ಟೇ ಕೇಳಿದರು. ಅಂಚಿನಲ್ಲಿ ಪೇರಿಸಿದ್ದ ಟೈರುಗಳನ್ನು ನೋಡುತ್ತಿದ್ದೆ ಎಂದೆ. ಅದಕ್ಕೇ ಅಲ್ಲಿಗೆ ಹೋದೆ ಎಂದರು. ವೇಗ ಕಡಿಮೆ ಮಾಡುವುದಿದ್ದರೆ ಗಾಡಿ ನೆಟ್ಟಗಿರುವಾಗಲೇ, ತಿರುವಿಗೆ ಮೊದಲೇ ಮಾಡಬೇಕು. ಆಮೇಲೆ ಬ್ರೇಕ್ ಬಿಟ್ಟು, ತಲೆ ಎತ್ತಿ, ತಿರುವು ಮುಗಿಯುವ ಜಾಗವನ್ನು ನೋಡಬೇಕು. ಇಷ್ಟೇ ಪಾಠ. ಇಷ್ಟನ್ನು ಕಲಿಯಲು ಒಂದು ಉಗುರು ಹೋಯಿತು ಎಂದು ಆಮೇಲೆ ನೀನು ಎಷ್ಟು ಜನರಿಗೆ ಹೇಳಿಲ್ಲ?

ಸಂಜೆಯ ಕೊನೆಯ ಸರದಿಯಲ್ಲಿ ನಾನು ನಿನ್ನ ಹಿಂದೆ ಓಡಿಸುತ್ತಿದ್ದೆ. ಕೈಗಳು ಮರಗಟ್ಟಿದ್ದವು, ಮೊಣಕೈಯಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ನೀನು ಮಾತ್ರ ಬೇರೆಯೇ ಮನುಷ್ಯ. ಹೊರ ಅಂಚಿನಿಂದ ಒಳ ಅಂಚಿಗೆ ಇಳಿದು, ಮತ್ತೆ ಹೊರ ಅಂಚಿಗೆ ತೇಲಿ ಹೋಗುತ್ತಿದ್ದೆ. ಬೇಗ ಹೋಗುತ್ತಿದ್ದೆ ಎಂದಲ್ಲ, ಎಷ್ಟೋ ಹುಡುಗರು ನಮ್ಮಿಬ್ಬರನ್ನೂ ದಾಟಿ ಹೋದರು. ಆದರೆ ನಿನ್ನ ಭುಜಗಳು ಅಷ್ಟು ಸಡಿಲವಾಗಿ ಇದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸರದಿ ಮುಗಿಯಿತೆಂದು ಚೌಕುಳಿ ಬಾವುಟ ಬೀಸಿದ ಮೇಲೆ ನೀನು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಅದರ ಮೇಲೇ ಕೂತಿದ್ದೆ. ಏನಾಯಿತು ಎಂದು ನಾನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದೆ. ಅತ್ತಿದ್ದೆಯಾ ಸುಧಣ್ಣ? ಅವತ್ತು ಕೇಳಲು ನಾಚಿಕೆಯಾಯಿತು. ಇನ್ನು ಕೇಳಿದರೂ...

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಕಿಗ್ಗದ ದಾರಿಯಲ್ಲಿ ನೀನು ನನ್ನ ಹಿಂದೆ ಉಳಿದೆ. ಗಾಡಿ ಕೆಟ್ಟಿತೇನೋ ಎಂದು ನಾನು ನಿಲ್ಲಿಸಿ ಕಾದೆ. ನೀನು ನಿಧಾನಕ್ಕೆ ಬಂದು, "ಇಲ್ಲಿ ನಮ್ಮದು ಅರ್ಧ ರಸ್ತೆ ಮಾತ್ರ ಮಾರಾಯ. ಆ ಅರ್ಧವೂ ನಮ್ಮದೇ ಅಂತ ಹೇಳ್ಲಿಕ್ಕಾಗಲ್ಲ. ಓಡಿಸೋದಿದ್ರೆ ಅಲ್ಲಿ" ಎಂದೆ. ಅಲ್ಲಿಗೆ ನಮ್ಮ ಭಾನುವಾರದ ಪಂದ್ಯಗಳು ನಿಂತವು. ಮುಂದಿನ ಎರಡು ವರ್ಷವೂ ಚೆನ್ನೈಗೆ ಹೋಗಿ ಬಂದೆವು, ಊರಿನಲ್ಲಿ ಮಾತ್ರ ನೀನು ಬಸ್ಸಿನ ಹಿಂದೆ ಬಸ್ಸಿನಷ್ಟೇ ನಿಧಾನವಾಗಿ ಬರುತ್ತಿದ್ದೆ. ಕೊಪ್ಪದ ಹುಡುಗರು ನಿನಗೆ ರೇಸ್ ಸುಧಾಕರ ಎಂದು ಹೆಸರಿಟ್ಟು ನಗುತ್ತಿದ್ದರು. ನಿನಗೆ ಅದೂ ಖುಷಿಯೇ.

ಕಮ್ಮರಡಿಯ ಆ ಗೃಹಪ್ರವೇಶದ ದಿನ ನಾನು ಅಂಗಡಿಯಲ್ಲಿದ್ದೆ. ನೀನು ಫೋಟೋ ತೆಗೆದು, ಊಟ ಮುಗಿಸಿ, ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೊಪ್ಪಕ್ಕೆ ಹೊರಟಿದ್ದೆಯಂತೆ. ತಿರುವಿನಲ್ಲಿ ಎದುರಿನಿಂದ ಜೀಪು ಬಂತು. ಸುದ್ದಿ ತಿಳಿದು ನಾನು ಕೊಪ್ಪದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನ್ನ ಮುಖಕ್ಕೆ ಏನೂ ಆಗಿರಲಿಲ್ಲ. ಹೊರಗೆ ವರಾಂಡದಲ್ಲಿ ನಿಂತ ಜನ ಆಗಲೇ ತೀರ್ಪು ಕೊಟ್ಟಾಗಿತ್ತು, ರೇಸಿನ ಚಟ, ಇವತ್ತಲ್ಲ ನಾಳೆ ಹೀಗೆ ಆಗುವುದೇ ಎಂದು. ಬೈಕು ಸ್ಪೀಡಾಗಿ ಬಂತು ಎಂದು ಜೀಪಿನ ಡ್ರೈವರ್ ಹೇಳಿದ. ಅವನನ್ನು ನಂಬುವುದು ಎಲ್ಲರಿಗೂ ಸುಲಭವಾಯಿತು. ಇಲ್ಲ, ಅವನು ಈ ರಸ್ತೆಯಲ್ಲಿ ಜೋರಾಗಿ ಓಡಿಸುವುದಿಲ್ಲ ಎಂದು ನಾನು ಎಷ್ಟು ಜನರ ಹತ್ತಿರ ಹೇಳಲಿ? ಕೇಳಿದವರೆಲ್ಲ ಕನಿಕರದಿಂದ ತಲೆಯಾಡಿಸಿದರು. ಗೆಳೆಯ ಅಲ್ಲವಾ, ಹಾಗೇ ಹೇಳುತ್ತಾನೆ ಎಂಬಂತೆ.

ನಿನ್ನ ತಿಥಿಯ ಊಟದ ದಿನ ವನಜತ್ತಿಗೆ ಎಲ್ಲರ ಎದುರಿಗೆ ನನ್ನ ಬಳಿ ಬಂದು ನಿಂತರು. ದನಿ ಏರಿಸಲಿಲ್ಲ. "ನೀವಿಬ್ರೂ ಅಲ್ಲಿಗೆ ಹೋಗದೆ ಇದ್ದಿದ್ರೆ ಇವ್ರು ಇವತ್ತು ಇರ್ತಿದ್ರು" ಎಂದರು. ನಾನು ಏನು ಹೇಳಬಹುದಿತ್ತು? ಕರೆದುಕೊಂಡು ಹೋದವನು ನೀನು, ಹೋದವನು ನಾನು ಎಂದು ವಾದಿಸಲೇ? ಕೈ ತೊಳೆದುಕೊಂಡು ಬಂದುಬಿಟ್ಟೆ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ನನ್ನೊಡನೆ ಮಾತಾಡಲಿಲ್ಲ. ಕೊಪ್ಪಕ್ಕೆ ಬಂದಾಗಲೆಲ್ಲ ನಿನ್ನ ಸ್ಟುಡಿಯೋದ ಮುಚ್ಚಿದ ಶಟರಿನ ಮುಂದೆ ಹೋಗುವುದು ಬೇಡವೆಂದು ಸುತ್ತು ಬಳಸಿ ಹೋಗುತ್ತಿದ್ದೆ.

ಅತ್ತಿಗೆಯ ಫೋನ್ ಬಂದ ದಿನ ನಾನು ನಂಬರು ನೋಡಿ ಎತ್ತಲೋ ಬೇಡವೋ ಎಂದು ಹೆದರಿದೆ. ಒಮ್ಮೆ ಮನೆಗೆ ಬನ್ನಿ ಎಂದಷ್ಟೇ ಹೇಳಿದರು. ಹೋದೆ. ನಡುಮನೆಯಲ್ಲಿ ಕುರ್ಚಿ ಹಾಕಿ, ಕಾಫಿ ಕೊಟ್ಟು, ಆಮೇಲೆ ಹೇಳಿದರು. ಮೇಗುಂದದ ಸರೋಜಮ್ಮ ಎಂಬವರು ಬಂದಿದ್ದರಂತೆ. ಅವತ್ತು ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಅದೇ ಗೃಹಪ್ರವೇಶಕ್ಕೆ ಹೊರಟಿದ್ದ ಹೆಂಗಸು. ಅವರ ಸೊಂಟದ ಮೂಳೆ ಮುರಿದು, ಶಿವಮೊಗ್ಗದಲ್ಲಿ ಮಗಳ ಮನೆಯಲ್ಲೇ ಇಷ್ಟು ಕಾಲ ಮಲಗಿದ್ದರಂತೆ. ಊರುಗೋಲು ಹಿಡಿದು ನಡೆಯುವಂತಾದ ಕೂಡಲೇ ನಿನ್ನ ಮನೆ ಹುಡುಕಿಕೊಂಡು ಬಂದರು. ಅವರು ಹೇಳಿದ ಮಾತನ್ನು ಅತ್ತಿಗೆ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು. "ಡ್ರೈವರ್ ನನ್ನ ತಮ್ಮನ ಮಗ. ಆದ್ರೂ ಹೇಳದೆ ಸತ್ರೆ ನನಗೆ ಒಳ್ಳೇದಾಗಲ್ಲ. ನಿನ್ನ ಗಂಡ ನಿಧಾನ ಬರ್ತಿದ್ದ ಮಗಾ. ಹಾರ್ನ್ ಮಾಡಿದ. ಚರಂಡಿವರೆಗೂ ಗಾಡಿ ಇಳಿಸಿದ. ಇನ್ನೆಲ್ಲಿಗೆ ಹೋಗ್ತಾನೆ? ನಮ್ಮ ಜೀಪೇ ಅವನ ಮೇಲೆ ಹೋದದ್ದು."

ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ ಎಂದಿದ್ದಾರಂತೆ. ಕೇಸು ಇನ್ನೂ ನಡೆಯುತ್ತಿದೆ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ನಿನ್ನ ಹೆಸರಿಗೆ ಹತ್ತಿದ ಮಸಿ ಹೋಯಿತಲ್ಲ ಎಂದು ಬಾಯಿ ತೆರೆದೆ. ಅತ್ತಿಗೆ ಲೋಟ ನೋಡುತ್ತ ಕೂತಿದ್ದರು. "ತಪ್ಪು ಇವ್ರದ್ದೇ ಅಂತಿದ್ದಾಗ ಸಿಟ್ಟಾದ್ರೂ ಇತ್ತು ಪ್ರಕಾಶ. ದಿನಾ ಬೈಕೊಂಡು ಬೈಕೊಂಡು ಕೆಲಸ ಮಾಡ್ತಿದ್ದೆ. ಈಗ ಯಾರನ್ನ ಬೈಲಿ?" ಎಂದರು. ನಾನು ಹೊರಡುವಾಗ, ಆ ಜಾಗ ನನಗೆ ತೋರಿಸ್ತೀರಾ ಎಂದು ಕೇಳಿದರು. ಕಮ್ಮರಡಿಯ ತಿರುವೇ ಎಂದೆ. ಅಲ್ಲ, ಅದನ್ನು ನೋಡಿಯಾಗಿದೆ, ಅವರು ಪ್ರತಿ ವರ್ಷ ಹೋಗುತ್ತಿದ್ದ ಜಾಗ ಎಂದರು.

ಹೀಗೆ ಅತ್ತಿಗೆ ಟ್ರ್ಯಾಕಿಗೆ ಬಂದರು, ಸುಧಣ್ಣ. ನನ್ನ ಹೆಂಡತಿ ಶೋಭಾ ಜೊತೆಗೆ ಬಂದಳು. ತಗಡಿನ ಶೀಟಿನ ನೆರಳಿನಲ್ಲಿ ಇಬ್ಬರೂ ಕೂತಿದ್ದರು. ಗಾಡಿಗಳು ಹೊರಟಾಗ ಅತ್ತಿಗೆ ಕಿವಿಗೆ ಬೆರಳಿಟ್ಟುಕೊಂಡದ್ದನ್ನು, ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ತೆಗೆದದ್ದನ್ನು ಶೋಭಾ ಆಮೇಲೆ ಹೇಳಿದಳು. ನಾನು ಬಹಳ ಕೆಟ್ಟದಾಗಿ ಓಡಿಸಿದೆ. ಮುಂದೆ ನೀನಿಲ್ಲದೆ ಎಲ್ಲಿ ಬ್ರೇಕ್ ಹಿಡಿಯಬೇಕು ಎಂಬುದೇ ಮರೆತಂತಾಗಿತ್ತು. ಅರ್ಧಕ್ಕೇ ಟ್ರ್ಯಾಕ್ ಬಿಟ್ಟು ಒಳಗೆ ಬಂದೆ. ಆ ನರೆತ ತಲೆಯವರು ನನ್ನ ಗುರುತು ಹಿಡಿದು, ನಿನ್ನ ಉದ್ದನೆಯ ಗೆಳೆಯ ಎಲ್ಲಿ ಎಂದರು. ಹೇಳಿದೆ. ಅವರು ಟೋಪಿ ತೆಗೆದರು. ಊಟದ ಬಿಡುವಿನಲ್ಲಿ ಟ್ರ್ಯಾಕ್ ಖಾಲಿಯಾದಾಗ ತಾವೇ ನಮ್ಮನ್ನು ನಡೆಸಿಕೊಂಡು ಹೊರಟರು.

ಆ ಬಲ ತಿರುವಿನಲ್ಲಿ ನಾನು, ಬಿದ್ದದ್ದು ಇಲ್ಲೇ ಎಂದು ತೋರಿಸಿದೆ. ನೋಡಲು ಅಲ್ಲಿ ಏನೂ ಇರಲಿಲ್ಲ. ಬರೀ ಡಾಂಬರು, ಒಣಗಿದ ಹುಲ್ಲು, ಬಿಸಿಲು. ಅತ್ತಿಗೆ ಕೊಡೆ ಹಿಡಿದು ಒಂದಿಷ್ಟು ಹೊತ್ತು ನಿಂತರು. ಇವರು ಚೆನ್ನಾಗಿ ಓಡಿಸುತ್ತಿದ್ದರಾ ಎಂದು ಆ ಹಿರಿಯರನ್ನು ಕೇಳಿ ಎಂದರು. ಕೇಳಿದೆ. ವೇಗ ಇರಲಿಲ್ಲ, ಆದರೆ ಹೇಳಿದ್ದನ್ನು ಕೇಳುವ ಮನುಷ್ಯ, ನಾನು ಕಲಿಸಿದವರಲ್ಲಿ ಅಂಥವರು ಕಡಿಮೆ ಎಂದರು. ಅದನ್ನು ಹಾಗೇ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಆಗ ಅತ್ತಿಗೆ ನನ್ನ ಕಡೆ ತಿರುಗಿ, "ಇಲ್ಲಿ ಖುಷಿಯಾಗಿ ಇದ್ರಾ ಇವ್ರು?" ಎಂದರು.

"ಇದ್ದ ಅತ್ತಿಗೆ" ಎಂದೆ. ಅವರು ಅಲ್ಲೇ ಡಾಂಬರಿನ ಮೇಲೆ ಕೂತುಬಿಟ್ಟರು. ನೀನು ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಶೋಭಾ ಕೊಡೆ ತೆಗೆದುಕೊಂಡು ಅವರ ತಲೆಯ ಮೇಲೆ ಹಿಡಿದಳು.

ಕಳೆದ ವಾರ ಅತ್ತಿಗೆ ನರಸಿಂಹರಾಜಪುರದ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬಂದರು. ಈ ಕಾಗದ ಬರೆಯುತ್ತಿರುವುದು ಅದಕ್ಕಾಗಿಯೇ. ಶೃಂಗೇರಿಯಲ್ಲಿರುವ ಅವರ ಅಪ್ಪ ಒಂದು ಸಂಬಂಧ ನೋಡಿದ್ದಾರೆ. ಬಾಳೆಹೊನ್ನೂರಿನ ಕಡೆಯವರು, ಹೈಸ್ಕೂಲು ಮೇಷ್ಟರು. ಹೆಂಡತಿ ತೀರಿಕೊಂಡಿದ್ದಾರೆ, ಪುಟ್ಟ ಹೆಣ್ಣು ಮಗುವಿದೆ. ಅತ್ತಿಗೆ ಬಹಳ ದಿನ ಬೇಡವೆಂದು, ಆ ಮಗು ಬಂದು ಇವರ ಸೆರಗು ಹಿಡಿದು ನಿಂತ ಮೇಲೆ ಹೂಂ ಎಂದರಂತೆ. ಇಷ್ಟನ್ನು ಹೇಳಿ ಹೊರಡಲು ಎದ್ದರು. ಆಮೇಲೆ, "ಅವ್ರಿಗೆ ನೀವೇ ಹೇಳಿ ಪ್ರಕಾಶ. ನನ್ನಿಂದ ಆಗ್ತಾ ಇಲ್ಲ" ಎಂದರು.

ಹೇಳಿದ್ದೇನೆ, ಸುಧಣ್ಣ. ನಿನಗೆ ಬೇಸರವಾಯಿತೇ? ನೀನಾಗಿದ್ದರೆ ಮೊದಲು ಆ ಮೇಷ್ಟರನ್ನು ಕರೆದು ಕೂರಿಸಿ, ಕಾಫಿ ಕುಡಿಸಿ, ಏನೇನೋ ತಮಾಷೆ ಮಾಡಿ... ಇರಲಿ. ನಾನು ಹೋಗಿ ಮಾತಾಡಿಸಿ ಬಂದಿದ್ದೇನೆ. ಮಾತು ಕಡಿಮೆ, ಒಳ್ಳೆಯವರ ಹಾಗೆ ಕಂಡರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಲಿಲ್ಲ. ಅದಕ್ಕೆ ಸ್ವಲ್ಪ ಕಾಲ ಬೇಕು.

ಮದುವೆ ಮುಂದಿನ ತಿಂಗಳು, ಮನೆಮಟ್ಟಿಗೆ. ಅತ್ತಿಗೆಗೆ ಅಣ್ಣತಮ್ಮಂದಿರು ಯಾರೂ ಇಲ್ಲವಲ್ಲ. ಹೋಮದ ಹೊತ್ತಿಗೆ ಹೆಣ್ಣಿನ ಬೊಗಸೆಗೆ ಅರಳು ಹಾಕಬೇಕಾದವನು ತಮ್ಮ. ಆ ಜಾಗದಲ್ಲಿ ನೀವು ನಿಲ್ಲುತ್ತೀರಾ ಎಂದು ಕೇಳಿದ್ದಾರೆ. ನಿಲ್ಲುತ್ತೇನೆ ಎಂದಿದ್ದೇನೆ. ಪಂಚೆ ಉಟ್ಟು ಬೇಗ ಹೋಗುತ್ತೇನೆ, ಪುರೋಹಿತರು ಹೇಳಿದಾಗಲೆಲ್ಲ ಅರಳು ಹಾಕುತ್ತೇನೆ, ಒಂದು ಕಾಳೂ ಕೆಳಗೆ ಚೆಲ್ಲದ ಹಾಗೆ ಕೈ ಗಟ್ಟಿ ಹಿಡಿಯುತ್ತೇನೆ.

ನಿನ್ನ,
ಪ್ರಕಾಶ